ತಿರುಗಿ ಬರುವ ವಿದ್ಯೆ

ನಮ್ಮ ಮನೆಯಲ್ಲಿ ಒಲೆ ಊದುವ ಕೆಲಸ ಈಗಲೂ ನನ್ನದೇ. ಅರವತ್ತು ದಾಟಿದ ಗಂಡಸು ಬೆಳಗಾಗೆದ್ದು ಊದುಗೊಳವೆ ಹಿಡಿದು, ಇಬ್ಬನಿಗೆ ನೆನೆದ ಹತ್ತಿಕಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದನ್ನು ಕಂಡು ನೆರೆಯವರು ಮೊದಮೊದಲು ನಕ್ಕರು. ಈಗ ನಗುವುದನ್ನು ಬಿಟ್ಟು ತಮ್ಮ ಮನೆಯ ಒಲೆ ಮುನಿಸಿಕೊಂಡಾಗ ನನ್ನನ್ನೇ ಕರೆಯುತ್ತಾರೆ. ನನ್ನ ಹೆಂಡತಿ ಮೂರು ಸಲ ಊದಿ, ನಾಲ್ಕು ಸಲ ಕೆಮ್ಮಿ, ಕಣ್ಣೊರೆಸಿಕೊಂಡು ಏಳುವಲ್ಲಿ ನಾನು ಒಂದೇ ಒಂದು ಉದ್ದನೆಯ ಉಸಿರು ಬಿಡುತ್ತೇನೆ. ಹೊಗೆ ಸರಿದು ಉರಿ ನಾಚುತ್ತ ತಲೆಯೆತ್ತುತ್ತದೆ. “ಇಷ್ಟ ಉಸಿರು ಎಲ್ಲಿಂದ ತಂದ್ರಿ, ಮಾವಾರ?” ಎಂದು ಸೊಸೆಯಂದಿರು ಕೇಳುತ್ತಾರೆ. ಉಸಿರನ್ನು ಯಾರು ಎಲ್ಲಿಂದ ತರುತ್ತಾರೆ, ಗೆಳೆಯಾ? ಹುಟ್ಟುವಾಗ ಎಲ್ಲರಿಗೂ ಒಂದಿಷ್ಟು ಸಿಕ್ಕಿರುತ್ತದೆ. ಅದನ್ನು ಹಿಡಿದಿಡುವುದು ಹೇಗೆಂದು ಮಾತ್ರ ಯಾರಾದರೂ ಕಲಿಸಬೇಕಾಗುತ್ತದೆ. ನನಗೆ ಕಲಿಸಿದವನು ರೋಣದ ಒಬ್ಬ ದರ್ಜಿ.

ಆಗ ಕಂಪನಿ ಸರಕಾರದ ಕಾಲ. ನರಗುಂದದ ಅರಸ ಕಂಪನಿಯ ಮೇಲೆ ತಿರುಗಿಬಿದ್ದ ಗದ್ದಲಕ್ಕೆ ಇನ್ನೂ ಎರಡು ಮೂರು ವರ್ಷ ಇತ್ತು. ಅಬ್ಬಿಗೇರಿಯ ಕರಿಮಣ್ಣಿನಲ್ಲಿ ಹುಟ್ಟಿ, ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಹದಿನೆಂಟರ ಹೊತ್ತಿಗೆ ಎತ್ತಿನ ಹೆಗಲೂ ಹುಂಜದ ಬುದ್ಧಿಯೂ ಬಂದಿದ್ದವು. ಹುತುತು ಆಟದಲ್ಲಿ ನಮ್ಮೂರಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ಆಟದ ಹೊರಗೂ ಇರಲಿಲ್ಲವೆಂದು ಕಂಡೇ ನಮ್ಮಪ್ಪ ನನ್ನನ್ನು ರೋಣಕ್ಕೆ, ಸೋದರಮಾವನ ಹತ್ತಿಯ ಅಂಗಡಿಗೆ ಕಳಿಸಿದ್ದು. ಹತ್ತಿಯಲ್ಲಿ ನಾನು ಕಲಿತದ್ದು ಅಷ್ಟಕ್ಕಷ್ಟೇ. ಆದರೆ ಅಂಗಡಿಯ ಎದುರಿಗೇ ದರ್ಜಿ ನಾರಾಯಣಪ್ಪನ ಕಟ್ಟೆಯಿತ್ತು.

ಹುತುತು ಮರೆತವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ನೆಲದ ನಡುವೆ ಒಂದು ಗೆರೆ. ಆಚೆ ಏಳು ಮಂದಿ, ಈಚೆ ಏಳು ಮಂದಿ. ಒಬ್ಬನು ಒಂದೇ ಉಸಿರಿನಲ್ಲಿ ‘ಹುತುತುತು’ ಎನ್ನುತ್ತ ಆಚೆ ನುಗ್ಗಿ, ಸಿಕ್ಕವರನ್ನು ಮುಟ್ಟಿ, ಉಸಿರು ಮುರಿಯುವ ಮುನ್ನ ಗೆರೆಗೆ ಮರಳಬೇಕು. ಮರಳಿದರೆ ಅವನು ಮುಟ್ಟಿದವರೂ ಅವನನ್ನು ಮುಟ್ಟಿದವರೂ ಹೊರಗೆ. ಮರಳಗೊಡದೆ ಹಿಡಿದು ಉಸಿರು ಮುರಿಸಿದರೆ ಅವನೇ ಹೊರಗೆ. ಯಾವ ಕಡೆಯ ಏಳೂ ಮಂದಿ ಹೊರಗಾದರೋ ಆ ಕಡೆ ಆ ಸುತ್ತು ಸೋತಿತು; ಮೂರು ಸುತ್ತಿಗೆ ಒಂದು ಪಂದ್ಯ. ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ, ಹೋಳಿ ಹುಣ್ಣಿಮೆಯ ಎಡಬಲದಲ್ಲಿ ರೋಣ, ನರಗುಂದ, ಗಜೇಂದ್ರಗಡ ಈ ಮೂರೂರುಗಳ ನಡುವೆ ಪ್ರತಿ ವರ್ಷ ಪಂದ್ಯ. ಗೆದ್ದ ಊರಿಗೆ ಒಂದು ಕೆಂಪು ರುಮಾಲು. ಆ ರುಮಾಲು ಎಷ್ಟೋ ವರ್ಷಗಳಿಂದ ನರಗುಂದ ಬಿಟ್ಟು ಕದಲಿರಲಿಲ್ಲ.

ರೋಣದ ತಂಡವನ್ನು ತಿದ್ದುತ್ತಿದ್ದವನೇ ಈ ನಾರಾಯಣಪ್ಪ. ವಸ್ತಾದ ಎಂಬುದು ಗರಡಿಯ ಗುರುಗಳಿಗೆ ಸಲ್ಲುವ ಹೆಸರು. ಇವನಿಗೆ ಅದನ್ನು ಮೊದಲು ಯಾರೋ ಚೇಷ್ಟೆಗೆ ಕೊಟ್ಟಿರಬೇಕು, ಏಕೆಂದರೆ ಆಳು ನೂಲಿನ ಎಳೆಯಂತಿದ್ದ. ಗಾಳಿ ಜೋರಾಗಿ ಬೀಸಿದರೆ ಹೊಲಿಯುತ್ತಿದ್ದ ಅಂಗಿಯ ಜೊತೆಗೆ ಅವನೂ ಹಾರಿಹೋಗಬಹುದೆಂದು ನಾವು ನಗುತ್ತಿದ್ದೆವು. ಆದರೆ ಒಬ್ಬನನ್ನು ಒಮ್ಮೆ ನೋಡಿದರೆ ಸಾಕು, ಎದೆ ಎಷ್ಟು, ತೋಳು ಎಷ್ಟು, ಎಡಹೆಗಲು ಬಲಕ್ಕಿಂತ ಎಷ್ಟು ಇಳಿದಿದೆ ಎಂದು ಹೇಳಿಬಿಡುತ್ತಿದ್ದ. ಆ ಕಣ್ಣನ್ನು ಅವನು ಆಟಕ್ಕೂ ಇಟ್ಟಿದ್ದ. ಬಾಯಲ್ಲಿ ಯಾವಾಗಲೂ ಒಂದೆರಡು ಸೂಜಿ ಕಚ್ಚಿರುತ್ತಿದ್ದುದರಿಂದ ಮಾತು ಕಡಿಮೆ. ಸೂಜಿ ಬಾಯಿಂದ ಹೊರಬಂತೆಂದರೆ ನಮಗೆ ಹಬ್ಬ ಕಾದಿದೆ ಎಂದರ್ಥ. ಅವನು ಹೆಚ್ಚಾಗಿ ಆಡುತ್ತಿದ್ದ ಮಾತು ಒಂದೇ: “ಬಿಚ್ಚು.” ಹೊಲಿಗೆ ತಪ್ಪಿದ ಅಂಗಿಗೆ ಹೇಗೋ ನಮಗೂ ಹಾಗೆ. ನೀನು ಕಲಿತದ್ದನ್ನೆಲ್ಲ ಬಿಚ್ಚಿಹಾಕು, ಮೊದಲಿನಿಂದ ಬಾ ಎಂದು ಅದರ ಅರ್ಥ.

ನಾನು ಮೊದಲ ದಿನ ಕಣಕ್ಕೆ ಹೋದಾಗ ಒಂದೇ ಉಸಿರಿನಲ್ಲಿ ಮೂವರನ್ನು ಮುಟ್ಟಿ ಬಂದು, ಮೀಸೆ ಇರಬೇಕಾದ ಜಾಗದ ಮೇಲೆ ಕೈಯಾಡಿಸಿ ನಿಂತೆ. ವಸ್ತಾದ ಹತ್ತಿರ ಬಂದು ಸೂಜಿ ತೆಗೆದ.

“ಹೋಗೂದು ಎಲ್ಲಿ ಕಲತಿ?”

“ನಮ್ಮೂರಾಗರೀ.”

“ತಿರಗಿ ಬರೂದು?”

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಹೋದವನು ಬರದೆ ಇನ್ನೇನು ಮಾಡುತ್ತಾನೆ!

“ತಿರಗಿ ಬರೂವಾಗ ಬೆನ್ನ ಕೊಡ್ತಿ,” ಎಂದ. “ಮುಖ ನಮ್ಮ ಕಡೆ ಹೊಳ್ಳಿಸಿ ಓಡಿ ಬರ್ತಿ. ನಿನ್ನ ಬಲಗಾಲು ನಿನಗಿಂತ ಒಂದ ಗಳಿಗಿ ತಡಾ ಮಾಡಿ ಬರತೈತಿ. ಕಣ್ಣ ಅವರ ಮ್ಯಾಲ ಇಟ್ಟು ಹಿಂದಕ್ಕ ಬರೂದ ಕಲಿ. ಅಲ್ಲೀ ತನಕಾ ನೀ ಗೆರಿ ದಾಟೂದು ಬ್ಯಾಡ.”

ಅಲ್ಲಿಂದ ಶುರುವಾಯಿತು ನನ್ನ ಹಿಂದು ಹಿಂದಕ್ಕೆ ನಡೆಯುವ ವನವಾಸ. ಬೆಳಗಿನ ಹೊತ್ತು ಕಣದಲ್ಲಿ ಹಿಂದಕ್ಕೆ, ಬಾವಿಗೆ ಹೋಗುವಾಗ ಹಿಂದಕ್ಕೆ, ಮಾವನ ಅಂಗಡಿಗೆ ಬರುವಾಗ ಹಿಂದಕ್ಕೆ. ಅದೂ ಬರಿದೇ ಅಲ್ಲ, ಒಂದೇ ಉಸಿರಿನಲ್ಲಿ ‘ಹುತುತುತು’ ಎನ್ನುತ್ತ. ಸಂತೆಯ ದಿನ ಸಂತೆಯ ಈ ತುದಿಯಿಂದ ಆ ತುದಿಗೆ ಹಾಗೆ ನಡೆದು, ಮೆಣಸಿನಕಾಯಿ ರಾಶಿಯ ಮೇಲೆ ಕೂತೆದ್ದು, ಮೂರು ದಿನ ಕೂರಲಾಗದೆ ನಿಂತೇ ಉಂಡೆ. ಬಾವಿಯ ದಾರಿಯಲ್ಲಿ ಒಬ್ಬ ಮುದುಕಿ ನನ್ನನ್ನು ಬಹಳ ಹೊತ್ತು ಕರುಣೆಯಿಂದ ನೋಡಿ, “ಯಾಕೋ ತಮ್ಮಾ, ಹಿಂದಕ್ಕ ಹೊಂಟಿ? ಮನ್ಯಾಗ ಏನರ ಮರತ ಬಂದಿಯೇನು?” ಎಂದು ಕೇಳಿದಳು. ಉತ್ತರ ಕೊಟ್ಟರೆ ಉಸಿರು ಮುರಿಯುತ್ತದೆ. ಕೊಡದಿದ್ದರೆ ಹಿರಿಯರಿಗೆ ಅಗೌರವ. ನಾನು ಕೈ ಮುಗಿದು ಹುತುತು ಎನ್ನುತ್ತ ಹಿಂದಕ್ಕೆ ಸರಿದು ಸೀದಾ ತಿಪ್ಪೆಯೊಳಗೆ ಬಿದ್ದೆ. ನೀರಿಗೆ ಬಂದ ಹೆಂಗಸರು ಅಂದಿನಿಂದ ನನಗೆ ‘ಹಿಂದಮುಂದಪ್ಪ’ ಎಂದು ಹೆಸರಿಟ್ಟರು.

ನನ್ನ ಜೊತೆಗಾರ ಹನಮನಿಗೂ ಇದೇ ಪಾಡು. ಹನಮ ಕಡ್ಡಿ ಆಳು. ಮುಟ್ಟಿದರೆ ಮುರಿಯುವಂತಿದ್ದ, ಮಾತಾಡಿಸಿದರೆ ಬೆವರುತ್ತಿದ್ದ. ಆದರೆ ಹಿಂದಕ್ಕೆ ನಡೆ ಎಂದರೆ ತಕರಾರಿಲ್ಲದೆ ನಡೆಯುತ್ತಿದ್ದ. ನನಗೆ ಅದೂ ಒಂದು ಹೊಟ್ಟೆಯುರಿ.

ಇಷ್ಟಾದರೂ ಎರಡು ತಿಂಗಳ ಮೇಲೆ ನೆರೆಯೂರಾದ ಬೆಳವಣಕಿಯವರು ಒಂದು ಬಿಡಿ ಪಂದ್ಯಕ್ಕೆ ಬಂದಾಗ ವಸ್ತಾದ ನನ್ನನ್ನು ಗೆರೆ ದಾಟಲು ಬಿಟ್ಟ. ನಾನು ಕಲಿತದ್ದನ್ನೆಲ್ಲ ಗೆರೆಯ ಈಚೆಗೇ ಬಿಟ್ಟು, ಹಳೆಯ ಹುಂಜನಾಗಿ ನುಗ್ಗಿ, ಒಂದೇ ಉಸಿರಿನಲ್ಲಿ ಅವರಲ್ಲಿ ಉಳಿದ ನಾಲ್ವರನ್ನೂ ಮುಟ್ಟಿ ಬಂದೆ. ಪಂದ್ಯ ಮುಗಿಯಿತು. ಜನ ಹುಚ್ಚೆದ್ದು ನನ್ನನ್ನು ಹೆಗಲ ಮೇಲೆ ಹೊತ್ತರು. ಆ ಎತ್ತರದಿಂದ ನೋಡಿದಾಗ ರೋಣ ಊರು ನನಗಾಗಿಯೇ ಕಟ್ಟಿದಂತೆ ಕಂಡಿತು. ಅಷ್ಟರಲ್ಲಿ ವಸ್ತಾದನ ದನಿ ಕೇಳಿತು.

“ಇಳಸ್ರಿ ಅವನ್ನ.”

ಇಳಿಸಿದರು.

“ನಾಕ ಮಂದೀನ ಮುಟ್ಟಿದಿ. ನಾಕನೇದಾಂವ ನಿನ್ನ ಬೆನ್ನ ಹಿಂದ ಇದ್ದ. ಅವನ ಕಾಲ ಜಾರಿತು, ಅದಕ್ಕ ನೀ ಬಂದಿ. ಗೆದ್ದಾಂವ ನೀ ಅಲ್ಲ, ಜಾರಿದ ನೆಲಾ. ನಡಿ, ನಲವತ್ತ ಸಲ ಹಿಂದಕ್ಕ ಬಾ. ಎಲ್ಲಾರೂ ನೋಡ್ಲಿ.”

ಬೆಳವಣಕಿಯ ಸೋತ ಹುಡುಗರೂ ನಿಂತು ನೋಡುತ್ತಿದ್ದರು. ನಾನು ನಲವತ್ತು ಸಲ ಹಿಂದಕ್ಕೆ ಬಂದೆ. ಪ್ರತಿ ಸಲವೂ ಒಂದೊಂದು ಬೈಗಳವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದೆ. ನಲವತ್ತೊಂದನೆಯದಕ್ಕೆ ಕಾಯದೆ ಮರುದಿನ ಬೆಳಿಗ್ಗೆ ಗಂಟು ಕಟ್ಟಿ, ಯಾರಿಗೂ ಹೇಳದೆ, ಬೆನ್ನು ಕೊಟ್ಟು, ಹೌದು, ಬೇಕೆಂದೇ ಬೆನ್ನು ಕೊಟ್ಟು ಗಜೇಂದ್ರಗಡದ ದಾರಿ ಹಿಡಿದೆ. ಅಲ್ಲಿ ನನ್ನ ಅಕ್ಕ ನೀಲವ್ವನನ್ನು ಕೊಟ್ಟಿದ್ದರು. ಅಲ್ಲಿಯೂ ಒಂದು ತಂಡವಿತ್ತು.

ಗಜೇಂದ್ರಗಡದ ತಂಡಕ್ಕೆ ವಸ್ತಾದನೆಂಬ ಪ್ರಾಣಿಯೇ ಇರಲಿಲ್ಲ. ಗುಡ್ಡದ ಬುಡದ ಬಯಲಲ್ಲಿ ಸಂಜೆ ಸೇರಿ, ಇಷ್ಟ ಬಂದಂತೆ ಆಡಿ, ಒಬ್ಬರನ್ನೊಬ್ಬರು ಹೊಗಳಿಕೊಂಡು ಮನೆಗೆ ಹೋಗುವ ಸುಖೀ ಜನ. ನಾನು ಗೆರೆ ದಾಟುವ ಮೊದಲೇ “ಭಲೇ!” ಎನ್ನುತ್ತಿದ್ದರು, ಹಿಡಿಸಿಕೊಂಡು ಬಿದ್ದರೂ “ಭಲೇ, ಏನ ಬಿದ್ದ ನೋಡು!” ಎನ್ನುತ್ತಿದ್ದರು. ಮೊದಲ ವಾರ ಆ ಹೊಗಳಿಕೆ ಹೋಳಿಗೆಯಂತಿತ್ತು. ಎರಡನೆಯ ವಾರವೂ ಹೋಳಿಗೆ. ಗೆಳೆಯಾ, ದಿನವೂ ಹೋಳಿಗೆ ಉಂಡವನಿಗೆ ಖಾರದ ಚಟ್ನಿಯ ನೆನಪು ಹೇಗೆ ಬರುತ್ತದೆಂದು ನಿನಗೆ ಗೊತ್ತೇ ಇದೆ. ನೀಲವ್ವ ಮಾತ್ರ ಒಂದು ದಿನ ರೊಟ್ಟಿ ಬಡಿಯುತ್ತ ಕೇಳಿದಳು: “ಬಸೂ, ನಿನ್ನ ವಸ್ತಾದ ನಿನಗ ಹೊಡದನೇನು?”

“ಇಲ್ಲ.”

“ಹೊಟ್ಟಿಗೆ ಹಾಕಲಿಲ್ಲೇನು?”

“ಅವರ ಮನಿಯಾಗ ಉಂಡ ರೊಟ್ಟಿಗೆ ಲೆಕ್ಕಿಲ್ಲ. ವಸ್ತಾದನ ಹೇಂತಿ ರುಕ್ಮಕ್ಕ ಎದುರು ಕುಂತು ಬಡಸತಿದ್ಳು.”

“ಮತ್ತ ನಿನ್ನ ಜಾತಿ ಕುಲ ಎತ್ತಿ ಬೈದನೇನು?”

“ಇಲ್ಲ. ಬಲಗಾಲು ತಡಾ ಬರತೈತಿ ಅಂದ.”

“ಬರತೈತೇನು?”

ನಾನು ರೊಟ್ಟಿ ಬಿಟ್ಟು ಎದ್ದುಹೋದೆ. ಅಕ್ಕಂದಿರ ಜೊತೆ ವಾದಿಸಿ ಗೆದ್ದವರುಂಟೇ?

ಆ ವರ್ಷದ ಹೋಳಿಯ ಪಂದ್ಯದಲ್ಲಿ ಗಜೇಂದ್ರಗಡ ಮೊದಲು ಎದುರಿಸಬೇಕಾಗಿ ಬಂದದ್ದು ರೋಣವನ್ನೇ. ಬಯಲಿನ ಆ ಬದಿಯಲ್ಲಿ ವಸ್ತಾದ ಸೂಜಿ ಕಚ್ಚಿಕೊಂಡು ನಿಂತಿದ್ದ. ನನ್ನನ್ನು ನೋಡಿದರೂ ನೋಡದಂತೆ ಇದ್ದ. ನಾನು ಹೋದ ಮೊದಲ ಉಸಿರಿಗೇ ಇಬ್ಬರನ್ನು ಮುಟ್ಟಿ, ಆಹಾ ಎಂದುಕೊಂಡು ತಿರುಗಿದೆ. ತಿರುಗಿದೆನೋ ಇಲ್ಲವೋ, ನನ್ನ ಬಲ ಹಿಮ್ಮಡಿಯನ್ನು ಎರಡು ಕಡ್ಡಿಯಂಥ ಕೈಗಳು ಹಿಡಿದುಕೊಂಡವು. ಹನಮ! ಎದೆಗೆ ಬರಲಿಲ್ಲ, ಸೊಂಟಕ್ಕೆ ಬರಲಿಲ್ಲ. ತಡವಾಗಿ ಬರುವ ಆ ಕಾಲಿಗಾಗಿಯೇ ನೆಲಕ್ಕಂಟಿ ಕಾದಿದ್ದ. ನಾನು ಎಳೆದೆ, ಹೊರಳಿದೆ, ಕರಿಮಣ್ಣು ಬಾಯಿಗೆ ಹೊಕ್ಕಿತು, ಉಸಿರು ಮುರಿಯಿತು. ಮುಂದಿನ ಎರಡು ಸುತ್ತುಗಳಲ್ಲೂ ಹೋದೆ. ಎರಡು ಸಲವೂ ಅದೇ ಕಾಲು, ಅದೇ ಕೈ. ಮೂರನೆಯ ಸಲ ಬಿದ್ದಲ್ಲೇ ಮುಖ ಮುಚ್ಚಿಕೊಂಡು ಮಲಗಿದೆ. ಗಜೇಂದ್ರಗಡದ ಗೆಳೆಯರು ಈ ಸಲ ಭಲೇ ಎನ್ನಲಿಲ್ಲ. ಪಾಪ, ಅವರಿಗೆ ಬೇರೆ ಮಾತು ಗೊತ್ತಿರಲಿಲ್ಲ, ಸುಮ್ಮನೆ ಮನೆಗೆ ನಡೆದರು.

ಎಲ್ಲರೂ ಹೋದ ಮೇಲೆ ಯಾರೋ ಪಕ್ಕದಲ್ಲಿ ಬಂದು ಕೂತರು. ಸಮಾಧಾನ ಹೇಳಿದರೆ ಅತ್ತುಬಿಡುತ್ತಿದ್ದೆ, ಬೈದರೆ ಹೊಡೆದುಬಿಡುತ್ತಿದ್ದೆ. ವಸ್ತಾದ ಎರಡನ್ನೂ ಮಾಡಲಿಲ್ಲ.

“ನಾಡದ ಮುಂಜಾನೆ ಕಣಕ್ಕ ಬಾ,” ಎಂದ. “ಬಿಚ್ಚೂಣು.”

“ನಾ ಬಿಟ್ಟ ಹೋದಾಂವರೀ, ವಸ್ತಾದ,” ಎಂದೆ.

“ಹೋಗೂದು ನಿನಗ ಮೊದಲಿಂದ ಬರತೈತಿ. ಬರೂದರಾಗ ಹಿಂದ ಇದ್ದಿ. ಅದಕ್ಕ ಬಾ ಅಂದೆ.”

ನಾನು ಮಣ್ಣು ಮೆತ್ತಿದ ಬಾಯಲ್ಲೇ ನಕ್ಕುಬಿಟ್ಟೆ. ಅವನು ನಗಲಿಲ್ಲ; ಸೂಜಿ ಮತ್ತೆ ಬಾಯಿಗೆ ಹೋಗಿತ್ತಲ್ಲ.

ಹೀಗೆ ನಾನು ರೋಣಕ್ಕೆ ಮರಳಿದೆ. ಇಲ್ಲಿ ಒಂದು ಕ್ಷಣ ನಿಂತು, ಈಚಿನ ವರ್ಷಗಳಲ್ಲಿ ನನ್ನ ತಲೆಯೊಳಗೆ ಸುಳಿಯುವ ಒಂದು ವಿಚಾರ ಹೇಳುತ್ತೇನೆ, ಸಹಿಸಿಕೋ. ಕಠಿಣವಾಗಿರುವುದು ಸುಲಭ. ನಮ್ಮೂರ ಸಾಲಿಯಲ್ಲಿ ಕಲಿಸುತ್ತಿದ್ದ ಅಯ್ಯಗಳೂ ಕಠಿಣರಾಗಿದ್ದರು; ಅವರ ಬೆತ್ತ ಅಂದಿನ ಅವರ ಹೊಟ್ಟೆಯ ಸ್ಥಿತಿಯನ್ನು ಅವಲಂಬಿಸಿತ್ತೇ ಹೊರತು ನಮ್ಮ ತಪ್ಪನ್ನಲ್ಲ. ಅವರು ಬೈದರೆ ಅದು ನಮ್ಮ ಅಪ್ಪ, ಅಜ್ಜ, ಮೂಗು, ಮುಖ ಎಲ್ಲಕ್ಕೂ ತಗಲಿ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ವಸ್ತಾದನ ಬೈಗಳಕ್ಕೆ ವಿಳಾಸವಿತ್ತು. ಅದು ಬಲಗಾಲಿಗೆ ಬರೆದ ಕಾಗದ, ಬಲಗಾಲಿಗೇ ಮುಟ್ಟುತ್ತಿತ್ತು. ಅದನ್ನು ನನ್ನ ಮಾನಕ್ಕೆ ಬಂದದ್ದೆಂದು ಒಡೆದು ಓದಿಕೊಂಡದ್ದು ನನ್ನ ಹುಂಬತನ. ಇಷ್ಟು ಕಾಲ ಒಬ್ಬನ ಹಿಮ್ಮಡಿಯನ್ನು ಕಣ್ಣಿಟ್ಟು ನೋಡಬೇಕಾದರೆ ಆ ಹಿಮ್ಮಡಿಯ ಮೇಲೆ ಎಷ್ಟು ಮಮತೆ ಇರಬೇಕು! ನನ್ನ ಹೆತ್ತವ್ವನೂ ಅದನ್ನು ಅಷ್ಟು ನೋಡಿರಲಾರಳು.

ಆ ಒಂದು ವರ್ಷ ನಾನು ಬಿಚ್ಚಿಸಿಕೊಂಡೆ. ಮಳೆಗಾಲದಲ್ಲಿ ಕರಿಮಣ್ಣು ಕಾಲಿಗೆ ತುಂಬಿದ ಕೊಡದಷ್ಟು ಭಾರವಾಗಿ ಅಂಟುವಾಗ ಅದರಲ್ಲೇ ಹಿಂದಕ್ಕೆ. ಚಳಿಗಾಲದಲ್ಲಿ ನೆಲ ಬಿರಿದು ಬಾಯಿ ಬಿಟ್ಟಾಗ ಬಿರುಕು ನೋಡದೆ, ಕಾಲ್ಬೆರಳಿನಿಂದ ತಡವಿ ಹಿಂದಕ್ಕೆ. ಹನಮ ನನ್ನ ಹಿಮ್ಮಡಿ ಹಿಡಿಯುವವನು, ನಾನು ತಪ್ಪಿಸಿಕೊಳ್ಳುವವನು. ಬರಬರುತ್ತ ಅವನಿಗೆ ನನ್ನ ಕಾಲು ಸಿಗುವುದು ಅಪರೂಪವಾಯಿತು. ಅವನ ಕೈಯಿಂದ ತಪ್ಪಿಸಿಕೊಂಡು ಬಂದಾಗಲೆಲ್ಲ ನಾನು ವಸ್ತಾದನ ಮುಖ ನೋಡುತ್ತಿದ್ದೆ. ಒಂದು ‘ಚಲೋ’ ಕೂಡ ಬೀಳಲಿಲ್ಲ. ಅವನ ಹೆಂಡತಿ ರುಕ್ಮಕ್ಕ ಮಾತ್ರ ಉಣ್ಣಲು ಕೂತಾಗ ನನ್ನ ರೊಟ್ಟಿಯ ಮೇಲೆ ಇನ್ನೊಂದು ಚಮಚ ತುಪ್ಪ ಬಿಟ್ಟು, “ಅವರು ಹಾಕು ಅಂದಾರ,” ಎಂದು ಪಿಸುಗುಡುತ್ತಿದ್ದಳು.

ಮುಂದಿನ ಹೋಳಿಗೆ ನಾವು ಗಜೇಂದ್ರಗಡವನ್ನು ಗೆದ್ದು, ಕಡೆಯ ಪಂದ್ಯಕ್ಕೆ ನರಗುಂದಕ್ಕೆ ಹೋದೆವು. ಗುಡ್ಡದ ಕೆಳಗಿನ ಬಯಲು, ಮೂರೂರಿನ ಜನ. ಹಿಂದಿನ ಸಂಜೆ ವಸ್ತಾದ ನನ್ನೊಬ್ಬನನ್ನೇ ಬದಿಗೆ ಕರೆದ.

“ನಾಳಿ ಕಡೀಕ ಗೆರಿ ದಾಟೂ ಉಸಿರು ನಿಂದಲ್ಲ. ಹನಮಂದು.”

ಒಂದು ವರ್ಷ! ಹಿಂದು ಹಿಂದಕ್ಕೆ ಒಂದು ವರ್ಷ ನಡೆದದ್ದು ಇದಕ್ಕೇನು?

“ಯಾಕರೀ? ನನ್ನ ಕಾಲು ಈಗೂ ತಡಾ ಬರತೈತೇನು?”

“ಇಲ್ಲ. ಈಗ ಖರೇನ ನೆಟ್ಟಗ ಬರತೈತಿ.” ಅವನು ಬಾಯಿಬಿಟ್ಟು ಇಷ್ಟು ಹೇಳಿದ್ದೇ ಮೊದಲು. “ಅದು ಮೂರೂರಿಗೂ ಗೊತ್ತಾಗೇತಿ. ನರಗುಂದದವರು ನಿನ್ನ ಒಬ್ಬನ್ನ ನೋಡಕೋತ ನಿಂದರತಾರ. ನೀ ಹೋಗ್ತೀನಿ ಅನ್ನೂಹಂಗ ನಿಂದರಬೇಕು. ಹೋಗಬಾರದು. ನಿನ್ನ ಕೈಲೆ ಆಗತೈತೇನು, ಹೇಳು.”

ಗೆಳೆಯಾ, ಓಡುವುದು ಕಷ್ಟವಲ್ಲ, ಹಿಡಿಸಿಕೊಂಡು ತಪ್ಪಿಸಿಕೊಳ್ಳುವುದೂ ಕಷ್ಟವಲ್ಲ. ಹುರಿಗಟ್ಟಿದ ಮೈಯನ್ನು ಹೊತ್ತು ಸುಮ್ಮನೆ ನಿಲ್ಲುವುದಿದೆಯಲ್ಲ, ಅದು ಕಷ್ಟ; ಅದನ್ನು ನನ್ನಿಂದ ಕೇಳುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ರಾತ್ರಿಯೆಲ್ಲ ಹೊರಳಾಡುವಷ್ಟು ಸಿಟ್ಟಿತ್ತು. ಆದರೆ ನಡೆದು ಬಂದ ದಣಿವು ದೊಡ್ಡದಿತ್ತು, ನಿದ್ದೆ ಬಂದುಬಿಟ್ಟಿತು.

ಮರುದಿನದ ಪಂದ್ಯ ಎಳೆದಾಡಿತು. ನಾನು ಹೋಗಿ ಮುಟ್ಟಿ ಬಂದದ್ದೂ ಉಂಟು, ಅವರ ಗಟ್ಟಿ ಆಳುಗಳನ್ನು ಹಿಡಿದದ್ದೂ ಉಂಟು. ಹೊತ್ತು ಇಳಿಯುವ ವೇಳೆಗೆ, ಕಡೆಯ ಸುತ್ತಿನಲ್ಲಿ, ಅವರಲ್ಲಿ ಉಳಿದವರು ಇಬ್ಬರು, ಕಲ್ಲಿನ ಕಂಬಗಳಂಥವರು; ನಮ್ಮಲ್ಲಿ ನಾನು ಮತ್ತು ಹನಮ. ಸರದಿ ನಮ್ಮದು. ಬಯಲಿಗೆ ಬಯಲೇ ನನ್ನ ಹೆಸರು ಕೂಗುತ್ತಿತ್ತು.

ನಾನು ಎಡಬದಿಗೆ ಹೋಗಿ ನಿಂತೆ. ಕಚ್ಚೆ ಬಿಗಿದೆ. ಬಗ್ಗಿ ಮಣ್ಣು ತೆಗೆದು ಅಂಗೈಗೆ ತಿಕ್ಕಿದೆ. ಕೈಗೆ ಉಗುಳಿಕೊಂಡೆ. ಎದೆ ತುಂಬ ಉಸಿರೆಳೆದು ಒಂದು ಕಾಲನ್ನು ಗೆರೆಯ ಅಂಚಿಗೆ ತಂದೆ. ಕಂಬಗಳೆರಡೂ ನನ್ನ ಕಡೆ ವಾಲಿದವು. ಆಗ ಬಲಬದಿಯಿಂದ, ಯಾರೂ ಎಣಿಸದ ಒಂದು ಸಣ್ಣ ‘ಹುತುತುತು’ ಹೊರಟಿತು.

ಹನಮ ಹೋದದ್ದು ಅವರಿಗೆ ಗೊತ್ತಾಗುವಷ್ಟರಲ್ಲಿ ಒಬ್ಬನ ಭುಜ ಮುಟ್ಟಿಯಾಗಿತ್ತು. ಇನ್ನೊಬ್ಬ ದೂರದಿಂದ ಹಾರಿ, ನೆಲಕ್ಕೆ ಬಿದ್ದು, ಹನಮನ ಕಣಕಾಲು ಹಿಡಿದ. ಹನಮ ಕಣ್ಣನ್ನು ಅವರ ಮೇಲಿಂದ ತೆಗೆಯಲಿಲ್ಲ, ಬೆನ್ನು ಕೊಡಲಿಲ್ಲ. ಹಿಂದಕ್ಕೆ ಬೀಳುತ್ತ, ತನ್ನ ಕಡ್ಡಿ ತೋಳನ್ನು ತಲೆಯ ಹಿಂದೆ ಚಾಚಿದ. ನಾನು ನನ್ನ ಉಸಿರನ್ನು ಕಟ್ಟಿ ನಿಂತಿದ್ದೆ. ಇಬ್ಬರಿಗೂ ಸೇರಿ ಇರುವುದು ಒಂದೇ ಉಸಿರು, ಅದು ಅವನ ಬಾಯಲ್ಲಿದೆ ಎಂಬಂತೆ. ಕೀರಲು ದನಿಯ ಹುತುತು ಇನ್ನೂ ನಡೆದೇ ಇತ್ತು. ಅವನ ನಡುಬೆರಳು ಗೆರೆಗೆ ತಗಲಿತು.

ಇಬ್ಬರೂ ಹೊರಗೆ. ಪಂದ್ಯ ನಮ್ಮದು.

ಹನಮನಿಗೆ ಕೆಂಪು ರುಮಾಲು ಸುತ್ತಿದರು. ಅದು ಅವನ ಹುಬ್ಬಿಗಿಳಿದು ಕಣ್ಣು ಮುಚ್ಚಿತು. ಅವನನ್ನು ಹೊರುವವರಲ್ಲಿ ಒಂದು ಹೆಗಲು ನನ್ನದಾಗಿತ್ತು. ಕೆಳಗಿನಿಂದ ನೋಡಿದರೂ ಊರು ಚೆಂದವೇ ಕಾಣುತ್ತದೆಂದು ಅಂದು ತಿಳಿಯಿತು. ಗದ್ದಲವೆಲ್ಲ ತಣಿದ ಮೇಲೆ ವಸ್ತಾದ ಮೆಲ್ಲಗೆ ನನ್ನ ಬಳಿ ಬಂದ. ಈಗಲಾದರೂ ಒಂದು ‘ಚಲೋ’ ಬಿದ್ದೀತೆಂದು ಕಿವಿ ನಿಮಿರಿಸಿ ನಿಂತೆ. ಸೂಜಿ ತೆಗೆದು ಅವನು ಹೇಳಿದ್ದು ಇಷ್ಟು:

“ಸೋಗು ಜರಾ ಹೆಚ್ಚಾತು. ಮಣ್ಣ ತಿಕ್ಕಿದ ಮ್ಯಾಲ ಉಗುಳೂದು ಬೇಕಿರಲಿಲ್ಲ. ಯಾರರ ಶಾಣ್ಯಾ ಇದ್ದಿದ್ರ ಗುರತ ಹಿಡೀತಿದ್ದ.”

ಆಮೇಲಿನ ಒಂದೆರಡು ವರ್ಷ ಆಟವಾಡುವ ಕಾಲವಾಗಿರಲಿಲ್ಲ. ನರಗುಂದದ ಗದ್ದಲವಾಯಿತು, ಜನ ಗುಂಪು ಕೂಡಲು ಹೆದರುತ್ತಿದ್ದರು, ಕಣಗಳಲ್ಲಿ ಗೆರೆ ಎಳೆಯುವವರಿರಲಿಲ್ಲ. ನಾನು ಅಬ್ಬಿಗೇರಿಗೆ ಮರಳಿ, ಮದುವೆಯಾಗಿ, ಹೊಲ ನೋಡಿಕೊಂಡಿದ್ದೆ. ಎಲ್ಲ ತಣ್ಣಗಾದ ಮರುವರ್ಷ ನಮ್ಮೂರ ಹರೆಯದ ಹುಡುಗರು ಬಂದು, “ನಮಗ ಕಲಸ್ರಿ” ಎಂದರು. ಹೀಗೆ ನಾನೂ ಒಬ್ಬ ವಸ್ತಾದನಾದೆ, ಸೂಜಿಯಿಲ್ಲದ ವಸ್ತಾದ.

ಅವರಲ್ಲಿ ಸಿದ್ಲಿಂಗನೆಂಬವನಿದ್ದ. ಚಿರತೆಯಂಥ ಆಳು. ಆದರೆ ಎದುರಾಳಿಯನ್ನು ಹಿಡಿಯುವಾಗ ಮೊಣಕಾಲು ಬಗ್ಗಿಸದೆ ಕಂಬದಂತೆ ನಿಲ್ಲುತ್ತಿದ್ದ. ನಾನು ದಿನವೂ ಅದನ್ನೇ ಹೇಳಿದೆ. ಒಂದು ದಿನ ಎಲ್ಲರೆದುರು ತುಸು ಜೋರಾಗಿಯೇ ಹೇಳಿದೆ. ಅವನು ಹೆಗಲಿನ ವಸ್ತ್ರ ಕೊಡವಿಕೊಂಡು ಹೊರಟುಹೋದ. ಮೂರು ದಿನದ ಮೇಲೆ ತಿಳಿಯಿತು, ಬೆಳವಣಕಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದಾನೆ, ಅಲ್ಲಿಯ ತಂಡದಲ್ಲಿ ಆಡುತ್ತಿದ್ದಾನೆ ಎಂದು.

ನನಗೆ ಊಟ ರುಚಿಸದಾಯಿತು. ಹೋಗಿ ಕರೆದು ತರಲೇ? ನೀನೇ ಸರಿಯೆಂದು ಬೆನ್ನು ಚಪ್ಪರಿಸಲೇ? ತಲೆ ಬಿಸಿಯಾಗಿ ರೋಣಕ್ಕೆ ನಡೆದೆ. ವಸ್ತಾದನ ಕಣ್ಣು ಮಂಜಾಗಿತ್ತು. ಸೂಜಿಗೆ ದಾರವನ್ನು ರುಕ್ಮಕ್ಕ ಪೋಣಿಸಿ ಕೊಡುತ್ತಿದ್ದಳು. ನಾನು ನಡೆದದ್ದೆಲ್ಲ ಹೇಳಿ ಕೇಳಿದೆ:

“ವಸ್ತಾದರ, ಅವತ್ತ ನಾ ಗಜೇಂದ್ರಗಡಕ್ಕ ಓಡಿ ಹೋದಾಗ ನಿಮಗ ಕರ್ಯಾಕ ಬರಬೇಕು ಅನಿಸಲಿಲ್ಲೇನ್ರಿ? ಅಷ್ಟ ಗಟ್ಟಿ ಹ್ಯಾಂಗ ಕುಂತ್ರಿ?”

ಅವನು ಉತ್ತರ ಕೊಡುವ ಮೊದಲೇ ರುಕ್ಮಕ್ಕ ನಕ್ಕಳು.

“ಯಾರು, ಇವರು ಗಟ್ಟಿ ಕುಂತರೇನು? ಆ ಮೂರು ತಿಂಗಳದಾಗ ಏಳ ಸಲ ಗಜೇಂದ್ರಗಡಕ್ಕ ಹೋಗ್ಯಾರ. ‘ಅರಿವಿ ತರತೀನಿ, ಅಲ್ಲೆ ನೇಕಾರರು ಚಲೋ ನೇಯ್ತಾರ’ ಅಂತ ನನಗ ಹೇಳೂದು. ಏಳೂ ಸಲ ಒಂದ ಗೇಣ ಅರಿವಿ ಬರಲಿಲ್ಲ.”

“ಎದುರಿನ ತಂಡ ನೋಡಾಕ ಹೋಗಿದ್ದೆ,” ಎಂದು ವಸ್ತಾದ ಗೊಣಗಿದ.

“ತಂಡ ಮನೀಗೆ ಹೋದ ಮ್ಯಾಲೂ ಗ್ವಾಡಿ ಹಿಂದ ನಿಂತಿದ್ರಂತ, ನೀವ ಹೇಳೀರಿ!”

ವಸ್ತಾದ ಸೂಜಿಯನ್ನು ಅರಿವೆಗೆ ಚುಚ್ಚಿಟ್ಟು, ನನ್ನ ಕಡೆ ನೋಡದೆ ಹೇಳಿದ: “ಒಂದ ಸಂಜಿ ಎಲ್ಲಾರೂ ಹ್ವಾದ ಮ್ಯಾಲ ನೀ ಒಬ್ಬನ ಉಳದಿ. ಆಕಡಿ ಈಕಡಿ ನೋಡಿದಿ. ಯಾರೂ ಇಲ್ಲಂತ ತಿಳಕೊಂಡು, ಬಯಲಾಗ ಹಿಂದಕ್ಕ ಹಿಂದಕ್ಕ ನಡ್ಯಾಕ ಹತ್ತಿದಿ. ಅವತ್ತ ಮನೀಗೆ ಬಂದು ಇಕಿಗೆ ಹೇಳಿದೆ, ಹುಡುಗ ಬರ್ತಾನ ಅಂತ.”

ಗೆಳೆಯಾ, ಅದು ನಾನು ಯಾರಿಗೂ ಹೇಳದ ಸಂಗತಿ. ಅಕ್ಕನಿಗೂ ಹೇಳಿರಲಿಲ್ಲ, ನನಗೆ ನಾನೇ ಒಪ್ಪಿಕೊಂಡಿರಲಿಲ್ಲ. ಅಷ್ಟು ದೂರ ನಡೆದು ಬಂದು, ಗೋಡೆಯ ಹಿಂದೆ ನಿಂತು, ಅದನ್ನು ನೋಡಿಯೂ ಒಂದು ಮಾತಾಡದೆ ಹಿಂತಿರುಗಿದ ಆ ಮನುಷ್ಯನ ಉಸಿರು ಎಷ್ಟು ಉದ್ದವಿದ್ದಿರಬೇಕು! ನಾನು ಬಗ್ಗಿ ಅವನ ಕಾಲು ಮುಟ್ಟಿದೆ. ಅವನಿಗೆ ಅದು ಸರಿಬೀಳಲಿಲ್ಲವೆಂದು ಕಾಣುತ್ತದೆ, ಒರಟಾಗಿ, “ಬೆಳವಣಕಿ ಏನ ದೂರ ಐತಿ? ಹೋಗು. ಮರಿಗೆ ನಿಂತು ನೋಡು. ಕಾಣಿಸಿಕೊಬ್ಯಾಡ,” ಎಂದ.

ಹೋದೆ. ಬೆಳವಣಕಿಯ ಕಣದ ಬದಿಯಲ್ಲಿ ಆಳೆತ್ತರದ ಕಣಿಕೆಯ ಬಣವೆಯಿತ್ತು. ಅದರ ಮರೆಗೆ ನಿಂತೆ. ಸಿದ್ಲಿಂಗ ಆಡುತ್ತಿದ್ದ. ಎದುರಿನವನು ಹುತುತು ಎನ್ನುತ್ತ ಬಂದ. ಸಿದ್ಲಿಂಗ ಹಿಡಿಯಲು ನಿಂತ. ನಿಂತದ್ದು ಅದೇ ನಿಲುವು, ಅದೇ ಸೆಟೆದ ಕಾಲು. ಸುಮ್ಮನಿರು, ಎಂದುಕೊಂಡೆ. ತುಟಿ ಕಚ್ಚಿದೆ. ಉಸಿರು ಕಟ್ಟಿದೆ. ಆದರೆ ನಾನು ನನ್ನ ವಸ್ತಾದನಲ್ಲ.

“ಸಿದ್ಲಿಂಗಾ, ಮೊಣಕಾಲೋ!” ಎಂಬ ಕೂಗು ಬಣವೆಯನ್ನು ಸೀಳಿಕೊಂಡು ಹೊರಟೇಹೋಯಿತು.

ಆಟ ನಿಂತಿತು. ಬೆಳವಣಕಿಗೆ ಬೆಳವಣಕಿಯೇ ಹೊರಳಿ ಬಣವೆಯನ್ನು ನೋಡಿತು. ತಲೆಗೆಲ್ಲ ಹೊಟ್ಟು ಹತ್ತಿಸಿಕೊಂಡು ನಾನು ಕಳ್ಳನಂತೆ ಹೊರಬಂದೆ. ಸಿದ್ಲಿಂಗನ ಮುಖ ಕೆಂಪಾಯಿತು. ಅವನು ನನ್ನನ್ನು ನೋಡಿದ, ನೆಲ ನೋಡಿದ, ಆಮೇಲೆ ತನ್ನ ಮೊಣಕಾಲನ್ನು ನೋಡಿಕೊಂಡ. ನಾನು ಹೊಟ್ಟು ಕೊಡವಿಕೊಳ್ಳುತ್ತ ಊರ ದಾರಿ ಹಿಡಿದೆ.

ಮರುದಿನ ಬೆಳಿಗ್ಗೆ ನಾನು ಅಬ್ಬಿಗೇರಿಯ ಕಣಕ್ಕೆ ಹೋಗುವ ಹೊತ್ತಿಗೆ ಯಾರೋ ಆಗಲೇ ಬಂದು ನೆಲಕ್ಕೆ ನೀರು ಚಿಮುಕಿಸಿ, ಗೆರೆ ಎಳೆದು, ಗೆರೆಯ ಆಚೆ ಒಬ್ಬನೇ ಹಿಡಿತದ ಭಂಗಿಯಲ್ಲಿ ನಿಂತಿದ್ದ. ಸಿದ್ಲಿಂಗ! ಮೊಣಕಾಲು ಬಗ್ಗಿತ್ತು. ಎಷ್ಟು ಚೆಂದ ಬಗ್ಗಿತ್ತೆಂದರೆ, ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು.

“ಇನ್ನೂ ಎರಡ ಬೆರಳು ಬಗ್ಗಬೇಕು,” ಎಂದೆ.